ಕಡಲಾಚೆಯ ಓದು, ಮನೆಯ ಬುತ್ತಿ

2022ರ ಸೆಪ್ಟೆಂಬರ್ ತಿಂಗಳ ಒಂದು ಸಂಜೆ. ಶಹಾಪುರದ ಅಡತಿ ಅಂಗಡಿಯೊಂದರ ತಕ್ಕಡಿಯ ಮೇಲೆ ತೊಗರಿಯ ಚೀಲಕ್ಕೆ ಬದಲಾಗಿ ನೀಲಿ ಬಣ್ಣದ ಒಂದು ದೊಡ್ಡ ಪೆಟ್ಟಿಗೆ ಕುಳಿತಿತ್ತು. ಅದರ ಸುತ್ತ ನಮ್ಮ ಬಂಧುಬಳಗದ ಹನ್ನೆರಡು ಜನ ನಿಂತಿದ್ದೆವು. ವಿಮಾನದವರು ಒಂದು ಪೆಟ್ಟಿಗೆಗೆ ಇಪ್ಪತ್ತಮೂರು ಕಿಲೋ ಎಂದಿದ್ದರು. ತಕ್ಕಡಿ ಮೂವತ್ತೊಂದು ತೋರಿಸಿತು. ಹಮಾಲನು ನಕ್ಕು, "ತೂಕದಾಗ ಮೋಸ ಇಲ್ರಿ" ಎಂದ. ಆಮೇಲೆ ಒಂದು ತಾಸಿನವರೆಗೆ ಆ ಪೆಟ್ಟಿಗೆಯಿಂದ ಒಂದೊಂದೇ ಹೊರಗೆ ಬಂದವು: ಶೇಂಗಾ ಹಿಂಡಿಯ ಎರಡು ಡಬ್ಬಿ, ಗುರೆಳ್ಳು ಪುಡಿ, ಕಟಕ ರೊಟ್ಟಿಯ ಒಂದು ಗಂಟು, ಎರಡು ಕಂಬಳಿ, ಹಿತ್ತಾಳೆಯ ಒಂದು ಚರಿಗೆ. ಚರಿಗೆಯನ್ನು ಇಟ್ಟವರು ಯಾರೆಂಬುದು ಕೊನೆಯವರೆಗೂ ತಿಳಿಯಲಿಲ್ಲ.

ಪೆಟ್ಟಿಗೆಯ ಒಡೆಯ ನನ್ನ ತಂಗಿಯ ಮಗ. ಕಲಬುರಗಿಯಲ್ಲಿ ಇಂಜಿನಿಯರಿಂಗ್ ಮುಗಿಸಿ, ನೀರು ಮತ್ತು ಪರಿಸರ ವಿಷಯದಲ್ಲಿ ಸ್ನಾತಕೋತ್ತರ ಪದವಿಗಾಗಿ ಇಂಗ್ಲೆಂಡಿನ ಉತ್ತರ ಭಾಗದ ಒಂದು ನಗರಕ್ಕೆ ಹೊರಟಿದ್ದ. ನಾನು ಸುರಪುರದಲ್ಲಿ ಬಹಳ ವರ್ಷ ಕನ್ನಡ ಕಲಿಸಿ ನಿವೃತ್ತನಾದವನು. ಅವನಿಗೆ ಅಕ್ಷರಾಭ್ಯಾಸ ಮಾಡಿಸಿದವನೂ ನಾನೇ. ಅವನ ಪರದೇಶದ ಓದಿನ ಕಥೆಯನ್ನು ಇಲ್ಲಿ ಬರೆಯಲು ಅವನ ಒಪ್ಪಿಗೆ ಪಡೆದಿದ್ದೇನೆ. "ಹೆಸರೊಂದು ಬ್ಯಾಡ್ರಿ ಮಾಮಾ, ಉಳಿದದ್ದು ಎಲ್ಲಾ ಬರೀರಿ" ಎಂದಿದ್ದಾನೆ. ಇಂದು ಯಾದಗಿರಿ, ಶಹಾಪುರ, ಸುರಪುರಗಳ ಎಷ್ಟೋ ಮನೆಗಳಲ್ಲಿ ಇಂಥದೇ ಪೆಟ್ಟಿಗೆಗಳು ಸಿದ್ಧವಾಗುತ್ತಿರುವುದರಿಂದ ಈ ಬರಹ ಆ ಮನೆಗಳ ತಾಯಿತಂದೆಗಳಿಗೆ ಉಪಯೋಗಕ್ಕೆ ಬಂದೀತೆಂದು ನನ್ನ ನಂಬಿಕೆ.

ನಮ್ಮ ಕಡೆಯವರಿಗೆ ಪರದೇಶವೆಂದರೆ ಬಹುಕಾಲ ಹೈದರಾಬಾದೇ ಆಗಿತ್ತು. 1948ರವರೆಗೆ ಈ ಮೂರೂ ಊರುಗಳು ನಿಜಾಮರ ರಾಜ್ಯಕ್ಕೆ ಸೇರಿದ್ದವು. 1918ರಲ್ಲಿ ಸ್ಥಾಪನೆಯಾದ ಉಸ್ಮಾನಿಯಾ ವಿಶ್ವವಿದ್ಯಾಲಯದಲ್ಲಿ ಪಾಠವೆಲ್ಲ ಉರ್ದುವಿನಲ್ಲಿ. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಉರ್ದು, ಎದೆಯಲ್ಲಿ ಭಯ ಹೊತ್ತು ಹೋದ ನಮ್ಮ ಹಿರಿಯರು ಅಲ್ಲಿನ ಬಾಡಿಗೆಯ ಕೋಣೆಗಳಲ್ಲಿ ವಾರದ ರೊಟ್ಟಿಯ ಗಂಟನ್ನು ಗೂಟಕ್ಕೆ ತೂಗುಹಾಕಿ ಓದಿದರು. 1956ರಲ್ಲಿ ಕರ್ನಾಟಕ ಒಂದಾಯಿತು. 1958ರಲ್ಲಿ ಮಹಾದೇವಪ್ಪ ರಾಂಪುರೆಯವರು ಕಲಬುರಗಿಯಲ್ಲಿ ಹೈದರಾಬಾದ್ ಕರ್ನಾಟಕ ಶಿಕ್ಷಣ ಸಂಸ್ಥೆಯನ್ನು ಕಟ್ಟಿದ ಮೇಲೆ ಇಂಜಿನಿಯರಿಂಗ್, ಅನಂತರ ವೈದ್ಯಕೀಯ ಕಾಲೇಜುಗಳು ಹತ್ತಿರಕ್ಕೆ ಬಂದವು. ಹತ್ತಿರಕ್ಕೆ ಬಂದದ್ದರಿಂದಲೇ ದೂರದ ಆಸೆಯೂ ಹುಟ್ಟಿತು ಎನ್ನಬೇಕು.

ಕೃಷ್ಣೆಯ ಆಚೆಯ ನಮ್ಮ ಸಮಾಜದವರು ಇದಕ್ಕೂ ಮೊದಲೇ ಕಡಲು ದಾಟಿದ್ದರು. ಶಿರಸಂಗಿ ಲಿಂಗರಾಜ ದೇಸಾಯಿಯವರು ತಮ್ಮ ಸಂಸ್ಥಾನದ ಆಸ್ತಿಯನ್ನು ಸಮಾಜದ ಮಕ್ಕಳ ವಿದ್ಯೆಗೆಂದು ಬರೆದಿಟ್ಟು 1906ರಲ್ಲಿ ಲಿಂಗೈಕ್ಯರಾದರು. ಗೋಕಾಕ ತಾಲ್ಲೂಕಿನ ಮಮದಾಪುರದಲ್ಲಿ 1899ರಲ್ಲಿ ಹುಟ್ಟಿದ ಡಿ. ಸಿ. ಪಾವಟೆಯವರು ಕೇಂಬ್ರಿಜ್ಜಿಗೆ ಹೋಗಿ ಗಣಿತದಲ್ಲಿ ರ‍್ಯಾಂಗ್ಲರ್ ಆದರು. ಮುಂದೆ 1954ರಿಂದ 1967ರವರೆಗೆ ಕರ್ನಾಟಕ ವಿಶ್ವವಿದ್ಯಾಲಯದ ಕುಲಪತಿಗಳಾಗಿ, ಆಮೇಲೆ ಪಂಜಾಬಿನ ರಾಜ್ಯಪಾಲರಾಗಿ ಹೆಸರಾದರು. ಶಿ. ಚ. ನಂದೀಮಠರು ಲಂಡನ್ನಿನಲ್ಲಿ ಕುಳಿತು ವೀರಶೈವದ ಮೇಲೆಯೇ ಪ್ರಬಂಧ ಬರೆದು ಪಿಎಚ್.ಡಿ. ಪಡೆದರು, 1942ರಲ್ಲಿ ಪ್ರಕಟವಾದ ಅವರ ಇಂಗ್ಲಿಷ್ ಕೈಪಿಡಿ ಇಂದಿಗೂ ವಿದ್ವಾಂಸರ ಕೈಯಲ್ಲಿದೆ. ಆ ಕಾಲದಲ್ಲಿ ಮುಂಬಯಿಯಿಂದ ಹಡಗು ಹತ್ತಿದವರು ವಾರಗಟ್ಟಲೆ ನೀರಿನ ಮೇಲೆಯೇ ಇರುತ್ತಿದ್ದರು. ಮನೆಗೆ ಬರೆದ ಕಾಗದಕ್ಕೆ ಉತ್ತರ ಬರುವಷ್ಟರಲ್ಲಿ ಬಂದ ಜ್ವರ ಬಿಟ್ಟು ಹೋಗಿ, ಮರೆತೂ ಹೋಗಿರುತ್ತಿತ್ತು. ಇಂದು ಅಂಗೈಯ ದೂರವಾಣಿಯಲ್ಲಿ ಮಗನ ಮುಖ ದಿನಕ್ಕೆರಡು ಬಾರಿ ಕಾಣುತ್ತದೆ. ಆದರೂ ಮುಚ್ಚಿಡುವುದು ಅಂದಿಗಿಂತ ಇಂದೇ ಸುಲಭವೆಂದು ನನಗೆ ಈಚೆಗೆ ಅನಿಸಿದೆ. ಕಾಗದ ಬರೆಯುವವನಿಗೆ ಯೋಚಿಸಲು ಹೊತ್ತಿರುತ್ತಿತ್ತು, ಬರೆಯುತ್ತ ಬರೆಯುತ್ತ ನಿಜ ಹೊರಬೀಳುತ್ತಿತ್ತು. ಎರಡು ನಿಮಿಷದ ಮಾತಿನಲ್ಲಿ "ಎಲ್ಲಾ ಛಲೋ ಅದ" ಎಂದುಬಿಟ್ಟರೆ ಮುಗಿಯಿತು.

ನಮ್ಮ ಹುಡುಗನ ಪ್ರವಾಸ ಇನ್ನೇನು ನಿಂತೇಹೋಗುವುದರಲ್ಲಿತ್ತು. ಪ್ರವೇಶದ ಪತ್ರ ಬಂದದ್ದು 2022ರ ಫೆಬ್ರುವರಿಯಲ್ಲಿ. ಅದೇ ತಿಂಗಳ ಕೊನೆಗೆ ಉಕ್ರೇನಿನಲ್ಲಿ ಯುದ್ಧ ಹೊತ್ತಿಕೊಂಡಿತು. ಮಾರ್ಚ್ 1ರಂದು ಹಾವೇರಿ ಜಿಲ್ಲೆಯ ನಾಲ್ಕನೆಯ ವರ್ಷದ ವೈದ್ಯ ವಿದ್ಯಾರ್ಥಿಯೊಬ್ಬ ಖಾರ್ಕಿವ್ ನಗರದಲ್ಲಿ ದಿನಸಿಗಾಗಿ ಸಾಲಿನಲ್ಲಿ ನಿಂತಿದ್ದಾಗ ಶೆಲ್ ದಾಳಿಗೆ ಬಲಿಯಾದ. ಮೂರು ವಾರಗಳ ಮೇಲೆ ಊರಿಗೆ ಬಂದ ದೇಹಕ್ಕೆ ಮನೆಯವರು ವೀರಶೈವ ಸಂಪ್ರದಾಯದಂತೆ ಪೂಜೆ ಸಲ್ಲಿಸಿ, ಅದನ್ನು ದಾವಣಗೆರೆಯ ವೈದ್ಯಕೀಯ ಕಾಲೇಜಿಗೆ ದಾನವಾಗಿ ಕೊಟ್ಟರು. ವೈದ್ಯನಾಗಬೇಕಿದ್ದ ಮಗನು ವೈದ್ಯರಾಗುವವರ ಓದಿಗೆ ಒದಗಿದ. ಆ ದಿನಗಳಲ್ಲಿ ನಮ್ಮ ತಂಗಿಯ ಮನೆಯ ದೂರದರ್ಶನವನ್ನು ಯಾರೂ ಆರಿಸಲಿಲ್ಲ. ಸರ್ಕಾರ ಇಪ್ಪತ್ತೆರಡು ಸಾವಿರಕ್ಕೂ ಹೆಚ್ಚು ಭಾರತೀಯರನ್ನು ಅಲ್ಲಿಂದ ಕರೆತಂದಿತು. ಒಬ್ಬೊಬ್ಬ ವಿದ್ಯಾರ್ಥಿ ವಿಮಾನದಿಂದ ಇಳಿದಾಗಲೂ ನನ್ನ ತಂಗಿ ಅಳುತ್ತಿದ್ದಳು. ಮಗನಿಗೆ ಹೋಗಬೇಡವೆಂದು ಅವಳು ಹೇಳಿದ್ದು ಅದೊಂದೇ ಸಲ. ಇಂಗ್ಲೆಂಡು ಬೇರೆ, ಉಕ್ರೇನು ಬೇರೆ ಎಂದು ಭೂಪಟ ಬಿಡಿಸಿ ಒಪ್ಪಿಸಿದವನು ನಾನು. ಮುಂದೆ ನಡೆದುದರಲ್ಲಿ ನನ್ನ ಹೊಣೆಯೂ ಅಷ್ಟಿದೆ.

ಹಣದ ಮಾತನ್ನು ಚಿಕ್ಕದಾಗಿ ಹೇಳಿಬಿಡುತ್ತೇನೆ. ಏಳೂವರೆ ಲಕ್ಷ ಮೀರಿದ ಶಿಕ್ಷಣ ಸಾಲಕ್ಕೆ ಬ್ಯಾಂಕುಗಳು ಸಾಮಾನ್ಯವಾಗಿ ಆಸ್ತಿಯ ಭದ್ರತೆ ಕೇಳುತ್ತವೆ. ಹೊಲವನ್ನು ಭದ್ರತೆಯಾಗಿ ಒಪ್ಪುವುದು ಅಪರೂಪ. ನಾರಾಯಣಪುರದ ಕಾಲುವೆಯ ನೀರುಣ್ಣುವ ಬತ್ತದ ಗದ್ದೆ ಎಷ್ಟು ಬೆಲೆಯದಾದರೂ ಬ್ಯಾಂಕಿನ ಮೇಜಿನ ಮೇಲೆ ಅದು ಬರೀ ಪಹಣಿಯ ಕಾಗದ. ನಮ್ಮ ಭಾವನವರು ಶಹಾಪುರದ ಮನೆಯನ್ನು ಒತ್ತೆಯಿಟ್ಟರು, ಸಾಲದಿದ್ದುದಕ್ಕೆ ಎರಡು ಎಕರೆ ಮಾರಿದರು. ಮಾರಿದ ಮಾತು ಹುಡುಗನಿಗೆ ಗೊತ್ತಾಗಬಾರದೆಂದು ಎಲ್ಲರಿಗೂ ತಾಕೀತು ಮಾಡಿದ್ದರು. ಅವನಿಗೆ ಮೊದಲ ದಿನವೇ ಗೊತ್ತಿತ್ತು.

ಇನ್ನು ಅಪಘಾತಗಳ ಸರಣಿ. ಮೊದಲನೆಯದು ವಿಮಾನ ಇಳಿದ ಹದಿನೈದೇ ನಿಮಿಷಕ್ಕೆ. ಹಾಲಿನಿಂದಾದ ಯಾವ ಪದಾರ್ಥವನ್ನೂ ಭಾರತದಿಂದ ಅಲ್ಲಿಗೆ ಒಯ್ಯುವಂತಿಲ್ಲವೆಂಬುದು ನಮಗಾರಿಗೂ ತಿಳಿದಿರಲಿಲ್ಲ. ಅಜ್ಜಿ, ಅಂದರೆ ಭಾವನವರ ತಾಯಿ, ನಾವೆಲ್ಲ ಅವರನ್ನು ಆಯಿ ಎನ್ನುತ್ತೇವೆ, ಮನೆಯ ಎಮ್ಮೆಯ ತುಪ್ಪವನ್ನು ಬಟ್ಟೆಯ ನಡುವೆ ಸುತ್ತಿಟ್ಟಿದ್ದರು. ಸುಂಕದ ಅಧಿಕಾರಿ ಅದನ್ನು ತೆಗೆದು ಬುಟ್ಟಿಗೆ ಹಾಕಿದ. ಧಾರವಾಡದ ಪೇಢೆಯೂ ಅದೇ ದಾರಿ ಹಿಡಿಯಿತು. ಶೇಂಗಾ ಹಿಂಡಿಯ ಡಬ್ಬಿಯನ್ನು ಮೂಸಿ ನೋಡಿದವನು ಮೂರು ಸಲ ಸೀನಿ ಹಿಂದಿರುಗಿಸಿದನಂತೆ.

ಎರಡನೆಯದು ನಗುವ ವಿಷಯವಲ್ಲ. ಊರಿನಿಂದಲೇ ದೂರವಾಣಿಯಲ್ಲಿ ಚಿತ್ರ ನೋಡಿ ಒಂದು ಕೋಣೆ ಗೊತ್ತುಮಾಡಿ, ಮುಂಗಡವೂ ಬಾಡಿಗೆಯೂ ಸೇರಿ 900 ಪೌಂಡ್, ಅಂದಿನ ಲೆಕ್ಕಕ್ಕೆ ಎಂಬತ್ತು ಸಾವಿರ ರೂಪಾಯಿಯ ಆಸುಪಾಸು, ಯಾರೋ ಒಬ್ಬರಿಗೆ ಕಳುಹಿಸಿದ್ದ. ಆ ವಿಳಾಸಕ್ಕೆ ಹೋದರೆ ಬಾಗಿಲು ತೆರೆದವಳು ಎಂಬತ್ತು ದಾಟಿದ ಒಬ್ಬ ಮುದುಕಿ. ಆ ಮನೆಯಲ್ಲಿ ಅವಳು ಹುಟ್ಟಿದಂದಿನಿಂದ ಇದ್ದಾಳೆ, ಬಾಡಿಗೆಗೆ ಕೊಟ್ಟೇ ಇಲ್ಲ. ಆಕೆ ಅವನನ್ನು ಒಳಗೆ ಕರೆದು ಚಹಾ ಕೊಟ್ಟಳು. ಪೊಲೀಸರಿಗೆ ಕರೆ ಮಾಡಿದ್ದೂ ಅವಳೇ. ಹೋದ ಹಣ ಬರಲಿಲ್ಲ. ಕಣ್ಣಾರೆ ನೋಡದ, ಇಲ್ಲವೆ ವಿಶ್ವವಿದ್ಯಾಲಯದ ಮೂಲಕ ಬರದ ಮನೆಗೆ ಒಂದು ಪೈಸೆಯನ್ನೂ ಮುಂಚಿತವಾಗಿ ಕಳುಹಿಸಬಾರದೆಂದು ಇದನ್ನು ಓದುವ ಪಾಲಕರು ಮಕ್ಕಳಿಗೆ ಈಗಲೇ ಹೇಳಿಡಿರಿ. ಈ ಸುದ್ದಿ ನಮಗೆ ಐದು ತಿಂಗಳು ತಿಳಿಯಲಿಲ್ಲ. ಕೋಣೆ ಛಲೋ ಅದ, ಕಿಡಕಿಯಿಂದ ಗಿಡ ಕಾಣ್ತದ ಎಂದೇ ಹೇಳುತ್ತ ಬಂದ.

ಕೊನೆಗೆ ಅವನಿಗೆ ಸಿಕ್ಕಿದ್ದು ಎಂಟು ಅಂತಸ್ತಿನ ವಿದ್ಯಾರ್ಥಿ ನಿಲಯದಲ್ಲಿ ಒಂದು ಕೋಣೆ. ಆರು ಜನಕ್ಕೆ ಒಂದು ಅಡುಗೆಮನೆ. ನೈಜೀರಿಯಾದ ಇಬ್ಬರು, ಚೀನದ ಒಬ್ಬಳು, ಪೋಲೆಂಡಿನ ಒಬ್ಬ, ಅಲ್ಲಿಯವನೇ ಆದ ಒಬ್ಬ, ಆರನೆಯವನು ನಮ್ಮ ಶಹಾಪುರದವನು. ಮೊದಲ ತಿಂಗಳು ಆ ಆರು ಜನ ಒಬ್ಬರ ಮುಖ ಒಬ್ಬರು ನೋಡದೆ ಉಂಡರು. ನಮ್ಮ ಹುಡುಗನಿಗೋ ಎದುರಿಗೆ ಕುಳಿತವರಿಗೆ "ಬರ್ರಿ, ಊಟ ಮಾಡ್ರಿ" ಎನ್ನದೆ ತುತ್ತು ಎತ್ತಿ ಗೊತ್ತಿಲ್ಲ. ಅಲ್ಲಿ ಹಾಗೆ ಕರೆದರೆ ಜನ ಗಾಬರಿಯಾಗುತ್ತಿದ್ದರಂತೆ. ಒಬ್ಬಾತ, ಧನ್ಯವಾದ, ನನ್ನ ಹತ್ತಿರ ಊಟವಿದೆ, ಎಂದು ತನ್ನ ಡಬ್ಬಿಯನ್ನು ಎತ್ತಿ ತೋರಿಸಿದನಂತೆ. ಅದನ್ನು ಕೇಳಿ ಆಯಿ, "ಪಾಪ, ಯಾರೂ ಕರದಿಲ್ಲ ಕಾಣ್ತದ ಅವನಿಗಿ" ಎಂದರು.

ಅಕ್ಟೋಬರಿನ ಕೊನೆಯ ಒಂದು ಸೋಮವಾರ ರಾತ್ರಿ ಎಲ್ಲವೂ ಬದಲಾಯಿತು. ಹೊತ್ತು ಹನ್ನೊಂದು ದಾಟಿತ್ತು. ಗ್ರಂಥಾಲಯದಿಂದ ಬಂದವನಿಗೆ ಹಸಿವು. ಸಾರಿಗೆ ಒಗ್ಗರಣೆ ಹಾಕಲು ಎಣ್ಣೆ ಕಾಯಿಸಿ, ಬ್ಯಾಡಗಿ ಮೆಣಸಿನಕಾಯಿ ಮುರಿದು ಹಾಕಿದ. ಘಾಟು ಎದ್ದಿತು. ಕಿಟಕಿ ನಾಲ್ಕು ಬೆರಳಿಗಿಂತ ಹೆಚ್ಚು ತೆರೆಯದು. ಛಾವಣಿಯಲ್ಲಿದ್ದ ಹೊಗೆಯ ಯಂತ್ರ ಕೂಗಿಕೊಂಡಿತು. ಅದರ ಹಿಂದೆಯೇ ಎಂಟೂ ಅಂತಸ್ತಿನ ಗಂಟೆಗಳು. ಮುನ್ನೂರು ಜನ ಮಲಗುವ ಬಟ್ಟೆಯಲ್ಲಿಯೇ ಮೆಟ್ಟಿಲಿಳಿದು ಜಿನುಗುವ ಮಳೆಯಲ್ಲಿ ನಿಂತರು. ಅಗ್ನಿಶಾಮಕದ ಎರಡು ದೊಡ್ಡ ಬಂಡಿಗಳು ಬಂದವು. ಶಿರಸ್ತ್ರಾಣ ಧರಿಸಿದ ನಾಲ್ವರು ಮೇಲೇರಿ ಹೋಗಿ, ಹತ್ತು ನಿಮಿಷದ ಮೇಲೆ ಕೆಮ್ಮುತ್ತ ಕೆಳಗಿಳಿದರು. ಅವರಲ್ಲಿ ಹಿರಿಯವನ ಕೈಯಲ್ಲಿ ನಮ್ಮ ಹುಡುಗನ ಬಾಣಲೆ. ಇದು ಯಾರದು ಎಂದು ಅವನು ಮುನ್ನೂರು ಜನರ ಮುಂದೆ ಕೇಳಿದ.

"ಮಾಮಾ, ಭೂಮಿ ಬಾಯಿ ಬಿಟ್ರ ಸಾಕಾಗಿತ್ತು" ಎಂದು ಅವನು ಆಮೇಲೆ ಹೇಳಿದ. ಕೈ ಎತ್ತಿದ. ಒಂದು ಕ್ಷಣ ಮೌನ. ಅನಂತರ ನೈಜೀರಿಯಾದವರಿಬ್ಬರಲ್ಲಿ ಎತ್ತರದವನು ಗಟ್ಟಿಯಾಗಿ ನಕ್ಕು, ಅದೇನು ಅಡುಗೆಯೋ ನನಗೂ ಬೇಕು, ನಮ್ಮಮ್ಮನ ಮನೆಯ ವಾಸನೆ ಬಂತು ಎಂದ. ಎಲ್ಲರೂ ನಕ್ಕರು. ಚೀನದ ಹುಡುಗಿ, ತನ್ನೂರಿನ ಮೆಣಸಿನಕಾಯಿಗೆ ಇದಕ್ಕಿಂತ ಹೆಚ್ಚು ಘಾಟು ಎಂದು ವಾದಕ್ಕೆ ನಿಂತಳು. ಮಳೆಯಲ್ಲಿ ನಿಂತ ಆ ನಲವತ್ತು ನಿಮಿಷದಲ್ಲಿ ಅವನಿಗೆ ಸಿಕ್ಕಷ್ಟು ಗೆಳೆಯರು ಅದಕ್ಕೂ ಮುಂಚಿನ ನಲವತ್ತು ದಿನಗಳಲ್ಲಿ ಸಿಕ್ಕಿರಲಿಲ್ಲ. ಮರುವಾರ ಭಾನುವಾರ ಎಣ್ಣೆಗಾಯಿ ಬದನೆಕಾಯಿ ಮಾಡಿ, ಗಟ್ಟಿಮುಟ್ಟಾಗಿ ಉಳಿದಿದ್ದ ಕಟಕ ರೊಟ್ಟಿಯ ಕೊನೆಯ ಹನ್ನೆರಡನ್ನು ತೆಗೆದು, ಐವರನ್ನೂ ಕೂರಿಸಿ ಬಡಿಸಿದ. ಒಗ್ಗರಣೆಯನ್ನು ಮುಚ್ಚಳ ಮುಚ್ಚಿ ಹಾಕುವುದನ್ನು ನನ್ನ ತಂಗಿ ದೂರವಾಣಿಯಲ್ಲಿ ಕಲಿಸಿದ್ದಳು. ಬಾಣಲೆಗೆ ಮಾತ್ರ ಆ ಮನೆಯಲ್ಲಿ ಒಂದು ಹೆಸರೇ ಬಿದ್ದುಹೋಯಿತು. ಅದನ್ನು ಬರೆಯುವುದು ಈ ಪತ್ರಿಕೆಗೆ ಶೋಭೆಯಲ್ಲ.

ಸುರಪುರದಲ್ಲಿ ಬಾಳಿದ ನನಗೆ ಇಂಥ ಹೊತ್ತಿನಲ್ಲಿ ಟೇಲರ್ ಸಾಹೇಬರ ನೆನಪಾಗುತ್ತದೆ. ಫಿಲಿಪ್ ಮೆಡೋಸ್ ಟೇಲರ್ ಲಿವರ್‌ಪೂಲಿನಲ್ಲಿ 1808ರಲ್ಲಿ ಹುಟ್ಟಿದವರು. ಹದಿನಾರು ತುಂಬುವ ಮೊದಲೇ, 1824ರಲ್ಲಿ, ಮುಂಬಯಿಯ ಒಬ್ಬ ವ್ಯಾಪಾರಿಯ ಬಳಿ ದುಡಿಯಲು ಒಬ್ಬಂಟಿಯಾಗಿ ಹಡಗು ಹತ್ತಿ ಬಂದರು. ಬಂದು ನೋಡಿದರೆ ಆ ವ್ಯಾಪಾರಿಯ ಸ್ಥಿತಿ ಹೇಳಿದಂತಿರಲಿಲ್ಲ. ಕೊಟ್ಟ ಭರವಸೆಗಳೆಲ್ಲ ಗಾಳಿಗೆ ಹೋದವು. ಆ ಹುಡುಗ ನಿಜಾಮರ ಸೈನ್ಯ ಸೇರಿ, ಇಲ್ಲಿಯ ಭಾಷೆ ಕಲಿತು, 1841ರಲ್ಲಿ ಸುರಪುರಕ್ಕೆ ಬಂದು 1853ರವರೆಗೆ ಸಂಸ್ಥಾನದ ಆಡಳಿತ ನೋಡಿಕೊಂಡರು. ಬಾಲಕ ರಾಜ ವೆಂಕಟಪ್ಪ ನಾಯಕ ಅವರನ್ನು "ಅಪ್ಪಾ" ಎಂದು ಕರೆಯುತ್ತಿದ್ದ. ಅವರ ಬಂಗಲೆ ಇಂದಿಗೂ ಗುಡ್ಡದ ಮೇಲೆ ಟೇಲರ್ ಮಂಜಿಲ್ ಎಂಬ ಹೆಸರಿನಿಂದ ನಿಂತಿದೆ. ನಮ್ಮ ಹುಡುಗನಿಗೆ ಬಾಡಿಗೆಯ ಮೋಸವಾದದ್ದು ಕೊನೆಗೆ ತಿಳಿದಾಗ ನಾನು ಈ ಕಥೆ ಹೇಳಿದೆ. "ಲಿವರ್‌ಪೂಲಿನ ಹುಡುಗನಿಗಿ ಮುಂಬೈದಾಗ ಆತು, ಶಹಾಪುರದ ಹುಡುಗನಿಗಿ ಅವನ ದೇಶದಾಗ ಆತು, ಲೆಕ್ಕ ಚುಕ್ತಾ" ಎಂದು ನಕ್ಕ. ನಗುವಷ್ಟು ಆಗ ಚೇತರಿಸಿಕೊಂಡಿದ್ದ.

ಗೆಳೆತನ ಬೆಳೆದಂತೆ ಪ್ರಶ್ನೆಗಳೂ ಬಂದವು. ಬೆಳಿಗ್ಗೆ ಸ್ನಾನವಾದ ಮೇಲೆ ಅವನು ಹತ್ತು ನಿಮಿಷ ಇಷ್ಟಲಿಂಗ ಪೂಜೆಗೆ ಕೂರುತ್ತಿದ್ದ. ಅದು ಆಯಿಯೊಂದಿಗೆ ಮಾಡಿಕೊಂಡ ಒಪ್ಪಂದ. ಒಮ್ಮೆ ಬಾಗಿಲು ತೆರೆದಿದ್ದಾಗ ಪೋಲೆಂಡಿನವನು ನೋಡಿ, ಅಂಗೈಯಲ್ಲಿ ಏನನ್ನು ಅಷ್ಟು ಹೊತ್ತು ನೋಡುತ್ತೀಯೆ ಎಂದು ಕೇಳಿದ. ಇಂಜಿನಿಯರಿಂಗ್ ಪದವೀಧರನಿಗೆ ಉತ್ತರ ಹೊಳೆಯಲಿಲ್ಲ. ನೋಡಿರಿ, ನಾವು ಮಕ್ಕಳ ಕೊರಳಿಗೆ ಲಿಂಗ ಕಟ್ಟುತ್ತೇವೆ; ಅದರ ಅರ್ಥವನ್ನು ಕೇಳುವವರು ಮನೆಯಲ್ಲಿ ಯಾರೂ ಇರುವುದಿಲ್ಲವಾದ್ದರಿಂದ ಹೇಳುವವರೂ ಇರುವುದಿಲ್ಲ. ಅವನು ಆ ರಾತ್ರಿ ಆಯಿಗೆ ಕರೆ ಮಾಡಿದ. ಅಕ್ಷರ ಬಾರದ ಆಯಿ ಸ್ವಲ್ಪ ಹೊತ್ತು ಸುಮ್ಮನಿದ್ದು, "ಗುಡ್ಯಾಗ ಒಳಗ ಬಿಡದ ಮಂದಿ ಇದ್ರಲ್ಲ ತಮ್ಮಾ, ಅವ್ರಿಗೆಲ್ಲಾ ಬಸವಣ್ಣ ಕೊರಳಾಗೇ ಒಂದೊಂದು ಗುಡಿ ಕಟ್ಟಿಕೊಟ್ಟಾನ ಅಂತ ಹೇಳು" ಎಂದರು. ಮರುದಿನ ಅಡುಗೆಮನೆಯಲ್ಲಿ ಅವನು ಅದನ್ನು ಇಂಗ್ಲಿಷಿಗೆ ತಿರುಗಿಸಿ ಹೇಳಿದಾಗ, ಪೋಲೆಂಡಿನವನು ತನ್ನ ಅಂಗಿಯೊಳಗಿಂದ ಸಣ್ಣ ಶಿಲುಬೆಯೊಂದನ್ನು ತೆಗೆದು ತೋರಿಸಿ, ಇದು ನನ್ನ ಅಜ್ಜಿ ಕೊಟ್ಟದ್ದು ಎಂದನಂತೆ.

ಆ ಲಿಂಗ ಕಳೆದುಹೋಯಿತು.

ಹೀಗಾಯಿತು. ಮೋಸಕ್ಕೆ ಹೋದ ಹಣವನ್ನು ಮನೆಗೆ ಹೇಳದೆಯೇ ತುಂಬಿಸಬೇಕೆಂದು ಅವನು ನವೆಂಬರಿನಿಂದ ಒಂದು ದೊಡ್ಡ ಗೋದಾಮಿನಲ್ಲಿ ರಾತ್ರಿಪಾಳಿಯ ಕೆಲಸ ಹಿಡಿದಿದ್ದ. ಪಾಠ ನಡೆಯುವ ಅವಧಿಯಲ್ಲಿ ವಿದ್ಯಾರ್ಥಿ ವಾರಕ್ಕೆ 20 ಗಂಟೆಗಿಂತ ಹೆಚ್ಚು ದುಡಿಯುವಂತಿಲ್ಲವೆಂಬುದು ಅಲ್ಲಿನ ನಿಯಮ. ಮೀರಿದರೆ ವೀಸಾಕ್ಕೇ ಸಂಚಕಾರ. ಅವನು ಅದನ್ನು ಮೀರಲಿಲ್ಲ. ಆದರೆ ಆ 20 ಗಂಟೆ ಎರಡೂವರೆ ರಾತ್ರಿಗಳ ನಿದ್ದೆಯನ್ನು ತಿನ್ನುತ್ತಿತ್ತು. ಗೋದಾಮಿನ ಬಾಗಿಲಲ್ಲಿ ಲೋಹ ಹುಡುಕುವ ಚೌಕಟ್ಟು. ಬೆಳ್ಳಿಯ ಕರಡಿಗೆಗೆ ಅದು ಕೂಗುತ್ತಿತ್ತು. ದಿನವೂ ಕರಡಿಗೆಯನ್ನು ಶಿವದಾರ ಸಮೇತ ತೆಗೆದು ತಟ್ಟೆಯಲ್ಲಿಟ್ಟು, ಚೌಕಟ್ಟು ದಾಟಿ ಮತ್ತೆ ಹಾಕಿಕೊಳ್ಳುತ್ತಿದ್ದ. ಡಿಸೆಂಬರಿನ ಒಂದು ಬೆಳಗಿನ ಜಾವ, ಎಂಟು ತಾಸು ಪೆಟ್ಟಿಗೆ ಎತ್ತಿದ ಮೇಲೆ, ನಿದ್ದೆಗಣ್ಣಿನಲ್ಲಿ ತಟ್ಟೆಯನ್ನು ಮರೆತು ಬಸ್ಸು ಹತ್ತಿದ. ಸ್ನಾನಕ್ಕೆ ಅಂಗಿ ತೆಗೆದಾಗ ಎದೆ ಬರಿದು.

ಓಡಿದ. ತಟ್ಟೆಗಳೆಲ್ಲ ಖಾಲಿ. ಕಳೆದ ವಸ್ತುಗಳ ಕಚೇರಿಯಲ್ಲಿ ಒಂದು ಅರ್ಜಿ ಕೊಟ್ಟರು. ವಸ್ತುವಿನ ಹೆಸರು, ಬಣ್ಣ, ಬೆಲೆ. ಹೆಸರಿನ ಎದುರು ಏನು ಬರೆಯಬೇಕು? ಆಭರಣ ಎಂದರೆ ಸುಳ್ಳು. ಬೆಲೆಯ ಎದುರು ಲೇಖನಿ ಬಹಳ ಹೊತ್ತು ನಿಂತಿತಂತೆ. ಕೊನೆಗೆ ಬೆಳ್ಳಿಯ ಲೆಕ್ಕ ಹಾಕಿ 80 ಪೌಂಡ್ ಎಂದು ಬರೆದು, ಹೊರಗೆ ಬಂದು, ಬಸ್ಸು ನಿಲ್ಲುವ ಕಡೆ ಕುಳಿತು ಅತ್ತ. ಹನ್ನೆರಡು ವರ್ಷದವನಿದ್ದಾಗ ಅವನ ಅಜ್ಜ ಲಿಂಗೈಕ್ಯರಾಗುವ ಮೊದಲು ಮಾಡಿಸಿಕೊಟ್ಟ ಕರಡಿಗೆ ಅದು. ಮೂರು ಸಲ ವಿಚಾರಿಸಿದ. ಸಿಗಲಿಲ್ಲ.

ಲಿಂಗ ಕಳೆದುಕೊಂಡವನು ಪ್ರಾಣವಿಡಬಾರದೆಂಬ ಕಠೋರ ಮಾತನ್ನು ಹಳೆಯ ತಲೆಗಳು ಆಡುವುದನ್ನು ಅವನು ಚಿಕ್ಕಂದಿನಲ್ಲಿ ಕೇಳಿದ್ದ. ಯಾರಿಗೆ ಹೇಳುವುದು? ಆಮೇಲಿನ ಎರಡು ತಿಂಗಳು ಕತ್ತು ಮುಚ್ಚುವ ಉಣ್ಣೆಯ ಅಂಗಿ ತೊಟ್ಟೇ ಮನೆಗೆ ಮುಖ ತೋರಿಸಿದ. ಅಲ್ಲಿ ಹಿಮಗಾಲ, ಹೊತ್ತೂ ನಮಗಿಂತ ಐದೂವರೆ ತಾಸು ಹಿಂದೆ. ಯಾರಿಗೂ ಸಂಶಯ ಬರಲಿಲ್ಲ. ಜನವರಿಯ ಪರೀಕ್ಷೆಯಲ್ಲಿ ಒಂದು ವಿಷಯ ಉಳಿಯಿತು. ಅದನ್ನೂ ಮುಚ್ಚಿಟ್ಟ. ಗೆಳೆಯರು ಕರೆದಲ್ಲಿಗೆ ಹೋಗುವುದನ್ನು ಬಿಟ್ಟ. ನೈಜೀರಿಯಾದ ಗೆಳೆಯ ದಿನಕ್ಕೊಮ್ಮೆ ಬಾಗಿಲು ಬಡಿದು, ಏನೂ ಕೇಳದೆ, ಅನ್ನದ ತಟ್ಟೆಯೊಂದನ್ನು ಇಟ್ಟು ಹೋಗುತ್ತಿದ್ದ. ಅವನಿಗೆ ನಾನು ಋಣಿ.

ಕಂಡುಹಿಡಿದದ್ದು ಆಯಿ. 2023ರ ಫೆಬ್ರುವರಿಯ ಒಂದು ಸಂಜೆ ಮಾತಾಡುತ್ತ ಅವನು ಕೆಳಗೆ ಬಿದ್ದ ಏನನ್ನೋ ಎತ್ತಲು ಬಾಗಿದ. ಎಂಬತ್ತೊಂದರ ಕಣ್ಣು ಆ ಅಂಗೈಯಗಲದ ಗಾಜಿನಲ್ಲಿ ಶಿವದಾರದ ಬಿಳಿಯ ಗೆರೆಯಿಲ್ಲದ್ದನ್ನು ಹಿಡಿಯಿತು.

"ತಮ್ಮಾ, ಕೊರಳು ಯಾಕ ಬರಿದಾಗ್ಯಾದ?"

ಅವನು ಮಾತಾಡಲಿಲ್ಲ. ನಾವು ನಾಲ್ಕು ಜನ ಅಲ್ಲಿಯೇ ಇದ್ದೆವು. ಸ್ವಲ್ಪ ಹೊತ್ತಿನ ಮೇಲೆ ಎಲ್ಲವೂ ಒಮ್ಮೆಲೇ ಹೊರಬಿತ್ತು: ಲಿಂಗ, ಗೋದಾಮು, ಬಾಡಿಗೆಯ ಮೋಸ, ಉಳಿದ ವಿಷಯ. ಆಯಿ ನಡುವೆ ಒಂದು ಮಾತೂ ಆಡದೆ ಕೇಳಿ, ಕೊನೆಗೆ, "ಉಂಡೀಯೇನು?" ಎಂದರು. ಇಲ್ಲವೆಂದ. "ಮೊದಲು ಉಣ್ಣು. ಬೆಳ್ಳಿ ಹೋತು, ಹೋಗ್ಲಿ. ಲಿಂಗ ಕೊಟ್ಟ ಗುರು ಮತ್ತ ಕೊಡ್ತಾನ. ನೀ ಬರೂತನಕಾ ಬರೀ ಅಂಗೈ ನೋಡಿ ಕೈ ಮುಗಿ, ಅದೂ ಸಲ್ತದ" ಎಂದರು.

ನಮ್ಮ ಭಾವನವರು ಎದ್ದು ಹೊರಗೆ ಹೋದರು. ಎಂಟು ದಿನ ಮಗನೊಂದಿಗೆ ಮಾತಾಡಲಿಲ್ಲ. ಒಂಬತ್ತನೆಯ ದಿನ ನನ್ನ ಬಳಿ ಬಂದು, "ಮಾಸ್ತರ್ರ, ಸಾಲದ ಮಾತು ಅವನ ಮುಂದ ನಾ ಎಂದೂ ಆಡಿಲ್ಲ. ಆದ್ರೂ ಅವ ಅದನ್ನೇ ಹೊತಗೊಂಡು ಹೋಗ್ಯಾನಲ್ರಿ" ಎಂದರು. ಆ ರಾತ್ರಿ ತಂದೆಮಗ ಎರಡು ತಾಸು ಮಾತಾಡಿದರು. ಮಾರಿದ ಎರಡು ಎಕರೆಯ ಮಾತು ಆಗ ಇಬ್ಬರ ನಡುವೆ ಮೊದಲ ಸಲ ಬಂತು. ರಾತ್ರಿಪಾಳಿ ಬಿಟ್ಟು, ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿ ಪುಸ್ತಕ ಜೋಡಿಸುವ ಹಗಲಿನ ಕೆಲಸ ಹಿಡಿದ. ಕಷ್ಟದಲ್ಲಿರುವ ವಿದ್ಯಾರ್ಥಿಗಳ ಮಾತು ಕೇಳಲೆಂದೇ ಅಲ್ಲಿ ಒಂದು ವಿಭಾಗವಿರುತ್ತದೆ. ಅದರ ಬಾಗಿಲನ್ನು ಅವನು ಆಗ ತಟ್ಟಿದ. ಮೊದಲೇ ತಟ್ಟಬಹುದಿತ್ತು. ಉಳಿದ ವಿಷಯವನ್ನು ಆಗಸ್ಟಿನಲ್ಲಿ ಮತ್ತೆ ಬರೆದು ಪಾಸಾದ.

ಊರು ಬಿಟ್ಟವನ ಒಂಟಿತನ ಎಲ್ಲರನ್ನೂ ಕೆಡಿಸುವುದಿಲ್ಲ. ಯು. ಆರ್. ಅನಂತಮೂರ್ತಿಯವರು ಬರ್ಮಿಂಗ್‌ಹ್ಯಾಮಿನಲ್ಲಿ ಸಂಶೋಧನ ವಿದ್ಯಾರ್ಥಿಯಾಗಿದ್ದಾಗ, ಬರ್ಗ್‌ಮನ್ನನ ಒಂದು ಚಲನಚಿತ್ರವನ್ನು ನೋಡಿದ ಪ್ರೇರಣೆಯಿಂದ "ಸಂಸ್ಕಾರ" ಬರೆದರು. ಆದರೆ ನಮ್ಮ ಮಕ್ಕಳೆಲ್ಲ ಕಾದಂಬರಿಕಾರರಲ್ಲ. ಅವರಿಗೆ ಬೇಕಾದದ್ದು ಬಾಗಿಲು ಬಡಿಯುವ ಒಬ್ಬ ಗೆಳೆಯ.

ಆ ವರ್ಷದ ಬಸವ ಜಯಂತಿಗೆ ಅಡುಗೆಮನೆಯ ಆರು ಜನವೂ ಬಸ್ಸಿನಲ್ಲಿ ಲಂಡನ್ನಿಗೆ ಹೋದರು. ಥೇಮ್ಸ್ ನದಿಯ ದಂಡೆಯಲ್ಲಿ, ಲ್ಯಾಂಬೆತ್ ಭಾಗದಲ್ಲಿ, ಬ್ರಿಟಿಷ್ ಸಂಸತ್ತಿಗೆ ಎದುರಾಗಿ ಬಸವೇಶ್ವರರ ಪ್ರತಿಮೆಯಿದೆ. ಕಲಬುರಗಿ ಸೀಮೆಯವರೇ ಆದ, 2010-11ರಲ್ಲಿ ಲ್ಯಾಂಬೆತ್ತಿನ ಮೇಯರ್ ಆಗಿದ್ದ ಡಾ. ನೀರಜ್ ಪಾಟೀಲರ ಪ್ರಯತ್ನದಿಂದ ನಿಂತ ಆ ಪ್ರತಿಮೆಯನ್ನು 2015ರ ನವೆಂಬರ್ 14ರಂದು ಪ್ರಧಾನಿ ನರೇಂದ್ರ ಮೋದಿಯವರು ಅನಾವರಣಗೊಳಿಸಿದರು. ಪ್ರತಿಮೆಯ ಮುಂದೆ ನಿಂತು ಆರು ಜನ ತೆಗೆಸಿಕೊಂಡ ಭಾವಚಿತ್ರ ಶಹಾಪುರದ ಮನೆಯ ಪಡಸಾಲೆಯಲ್ಲಿದೆ. ಬಂದವರೆಲ್ಲ ಎತ್ತರದ ಕಪ್ಪು ಹುಡುಗನನ್ನು ತೋರಿಸಿ ಇವರಾರು ಎನ್ನುತ್ತಾರೆ. "ನಮ್ಮ ಹುಡುಗನಿಗಿ ಅನ್ನ ಇಟ್ಟಾಂವ" ಎನ್ನುತ್ತಾರೆ ಆಯಿ.

ಪದವಿ ಪಡೆದ ಮೇಲೆ ಅಲ್ಲಿಯೇ ಎರಡು ವರ್ಷ ದುಡಿಯಲು ನಿಯಮ ಅವಕಾಶ ಕೊಟ್ಟಿತ್ತು. ಕೊಳವೆಯ ನೀರು ಸೋರುವುದನ್ನು ಪತ್ತೆಮಾಡುವ ಕೆಲಸ ಸಿಕ್ಕಿತು. ಬ್ಯಾಂಕಿನ ಕಂತು ಈಗ ಅವನೇ ಕಟ್ಟುತ್ತಾನೆ. 2024ರ ದೀಪಾವಳಿಗೆ ಮೂರು ವಾರ ರಜೆ ಪಡೆದು ಬಂದ. ಬಂದ ನಾಲ್ಕನೆಯ ದಿನ ಬೆಳಿಗ್ಗೆ ಮನೆಯ ಗುರುಗಳು ಬಂದು, ಹೆಚ್ಚಿನ ಸಂಭ್ರಮವಿಲ್ಲದೆ, ಅವನಿಗೆ ಮತ್ತೆ ಲಿಂಗವನ್ನು ಅನುಗ್ರಹಿಸಿದರು. ಈ ಸಲ ಕರಡಿಗೆ ಬೆಳ್ಳಿಯದಲ್ಲ. ಆಯಿಯ ಹಟದಂತೆ ಕಟ್ಟಿಗೆಯದು. "ಯಾವ ಬಾಗಿಲಾಗೂ ಕೂಗಬಾರದು" ಎಂದು ಅವರ ಲೆಕ್ಕ. ಸಂಜೆ ಇಬ್ಬರೂ ಚರಬಸವೇಶ್ವರರ ಗದ್ದುಗೆಗೆ ಹೋಗಿ ಬಂದರು. ದಾರಿಯಲ್ಲಿ ಏನು ಮಾತಾಡಿದರೆಂಬುದನ್ನು ಇಬ್ಬರೂ ಹೇಳಿಲ್ಲ.

ಮರಳಿ ಹೊರಡುವ ಹಿಂದಿನ ದಿನ ನೀಲಿ ಪೆಟ್ಟಿಗೆ ಮತ್ತೆ ಅಡತಿ ಅಂಗಡಿಯ ತಕ್ಕಡಿ ಏರಿತು. ತುಪ್ಪವಿಲ್ಲ, ಪೇಢೆಯಿಲ್ಲ. ಐವರು ಗೆಳೆಯರಿಗೆ ಐದು ಡಬ್ಬಿ ಶೇಂಗಾ ಹಿಂಡಿ, ಅವುಗಳಲ್ಲಿ ಒಂದರ ಮೇಲೆ ಖಾರ ಹೆಚ್ಚೆಂದು ನನ್ನ ತಂಗಿ ಅಂಟಿಸಿದ ಕೆಂಪು ಚೀಟಿ. ಮುಳ್ಳು ಇಪ್ಪತ್ತೆರಡೂವರೆ ಕಿಲೋದ ಮೇಲೆ ನಿಂತಿತು. ಉಳಿದ ಅರ್ಧ ಕಿಲೋಕ್ಕೆ ಏನು ಇಡಬೇಕೆಂಬುದರ ಮೇಲೆ ಹಮಾಲನನ್ನೂ ಸೇರಿಸಿಕೊಂಡು ಅರ್ಧ ತಾಸು ಚರ್ಚೆ ನಡೆಯಿತು.